ಹಡೆದ ಗಿಡದ ಬಾಣಂತನ

ಸುರಪುರದ ಗುಡ್ಡದ ಬಂಡೆಗಳು ಕಣ್ಣಿಗೆ ಕಾಣುವಷ್ಟು ಹತ್ತಿರದ ಒಂದು ಊರು. ಊರಾಚೆಯ ಹೊಲದ ಬದುವಿನ ಮೇಲೆ ಒಂದು ಹಳೆಯ ಹುಣಸೆ. ಈ ಸೀಮೆಯಲ್ಲಿ ಮರ ಎನ್ನುವವರು ಕಡಿಮೆ. ಎಷ್ಟು ದೊಡ್ಡದಾದರೂ ಅದು ಗಿಡವೇ. ಮಾಘ, ಫಾಲ್ಗುಣದಲ್ಲಿ ಅದರ ನೆರಳಿಗೆ ಕುಳಿತು ಹಣ್ಣು ಬಡಿದು ಬೀಜ ಬಿಡಿಸುವ ಮುದುಕಿಗೆ ಎಪ್ಪತ್ತು ದಾಟಿದೆ. ಗಂಡ ತೀರಿದ ಮೇಲೆ ಮನೆಯ ಉಪ್ಪು, ಎಣ್ಣೆಯ ಖರ್ಚನ್ನು ನೋಡಿಕೊಂಡದ್ದು ಆ ಗಿಡವೇ.

ಒಂದು ವರ್ಷ ಕೊಂಬೆಗಳು ಬಾಗುವಷ್ಟು ಕಾಯಿ. ಗಿಳಿಗಳು ಎಳೆಗಾಯಿ ಕಚ್ಚಿ ಬೀಳಿಸಿದವು. ಗುಡ್ಡದ ಮಂಗಗಳು ಹಣ್ಣು ಚೀಪಿ ಬೀಜ ಉಗುಳಿದವು. ಅವು ತಿಂದು, ಬೀದಿಯ ಮಕ್ಕಳು ಜೇಬು ತುಂಬಿಕೊಂಡು, ಮನೆಗೂ ಚೀಲಗಟ್ಟಲೆ ಉಳಿಯಿತು. ಮರುವರ್ಷ ಅದೇ ಗಿಡದಲ್ಲಿ ತಡಕಾಡಿದರೂ ಒಂದು ಬುಟ್ಟಿ ತುಂಬಲಿಲ್ಲ.

ಮಗನಿಗೆ ಬೇಸರ ಬಂತು. ‘ಅವ್ವಾ, ಈ ಗಿಡದ ನೆಳ್ಳಿಗಿ ಎರಡು ಸಾಲು ಹತ್ತಿ ಏಳಂಗಿಲ್ಲ. ಇಟ್ಟಂಗಿ ಭಟ್ಟಿಯವ್ರು ಕೇಳ್ಯಾರ. ಕೊಟ್ಟು ಕೈ ತೊಳಕೊಂಡ್ರಾಯ್ತು’ ಎಂದ.

ಮುದುಕಿ ತಲೆ ಎತ್ತಲಿಲ್ಲ. ‘ಹೋದ ವರ್ಷ ಹಡದಾಳಪ್ಪ, ಈ ವರ್ಷ ಬಾಣಂತನ. ಬಾಣಂತೀನ ಯಾರರ ಮನಿ ಬಿಟ್ಟು ಹೊರಗ ಹಾಕ್ತಾರೇನು?’ ಎಂದಳು.

ಈ ಮಾತಿನಲ್ಲಿ ಶಾಸ್ತ್ರವೂ ಉಂಟು. ಹುಣಸೆ ಬೇಸಿಗೆಯಲ್ಲಿ ಹೂ ಬಿಡಲು ತೊಡಗಿದರೆ ಕಾಯಿ ಹಣ್ಣಾಗಲು ಎಂಟು, ಒಂಬತ್ತು ತಿಂಗಳು ಬೇಕು. ಇಷ್ಟು ದೀರ್ಘ ಬಸಿರಿನಲ್ಲಿ ಮೈಯೊಳಗಿನ ಗಂಟು ಕರಗುತ್ತದೆ. ಕಾಯಿ ಜಗ್ಗಿದ ವರ್ಷದ ಬೆನ್ನಿಗೆ ಗಿಡ ಬಿಡುವು ಕೇಳುತ್ತದೆ. ಹೂವಿನ ಕಾಲಕ್ಕೆ ಮಳೆ, ಗಾಳಿ ಕೈಕೊಟ್ಟರೆ ಆ ಬಿಡುವು ಇನ್ನೂ ಉದ್ದವಾಗಬಹುದು.

ಅಮೆರಿಕ, ಯುರೋಪಿನ ಓಕ್ ಮರಗಳು ಇದನ್ನೇ ಗುಂಪಾಗಿ ಮಾಡುತ್ತವೆ. ಒಂದು ವರ್ಷ ಇಡೀ ಕಾಡು ಕಾಯಿ ಸುರಿಸುತ್ತದೆ, ಮುಂದೆ ಬರಗಾಲ. ತಿನ್ನುವ ಬಾಯಿಗಳನ್ನು ಬಡ ವರ್ಷಗಳಲ್ಲಿ ಕಡಿಮೆ ಮಾಡಿ, ಸುಗ್ಗಿಯ ವರ್ಷ ತಿಂದು ತೀರಿಸಲಾಗದಷ್ಟು ಉದುರಿಸುವುದರಲ್ಲಿ ಮರಕ್ಕೆ ಲಾಭವಿದೆ ಎಂಬ ವಿಚಾರವನ್ನು 1970ರ ದಶಕದಲ್ಲಿ ಡೇನಿಯಲ್ ಜಾನ್ಜನ್ ಎಂಬ ವಿಜ್ಞಾನಿ ಎತ್ತಿ ಹಿಡಿದರು. ಸುಗ್ಗಿಯ ಮರುವರ್ಷ ಅಲ್ಲಿ ಇಲಿಗಳು ಹೆಚ್ಚುತ್ತವೆ. ಕಾಯಿ ಕೈಕೊಟ್ಟ ವರ್ಷ ಕರಡಿಗಳು ಊರಿಗೆ ಇಳಿಯುತ್ತವೆ.

ಹುಣಸೆಯ ಲೆಕ್ಕ ಕೊಂಚ ಬೇರೆ. ಓಕ್‌ನಲ್ಲಿ ಬೀಜವೇ ಊಟ. ಇಲ್ಲಿ ಹುಳಿ ತಿರುಳು ಮಂಗನ ಕೂಲಿ, ಬೀಜ ದೂರ ಒಯ್ದು ಉಗುಳುವುದು ಅದರ ಕೆಲಸ. ಬೀಜಕ್ಕೆ ಕೈಹಾಕುವ ಕಳ್ಳ ಬೇರೆಯೇ ಇದ್ದಾನೆ: ಕ್ಯಾರಿಯೆಡಾನ್ ಎಂಬ ಸಣ್ಣ ದುಂಬಿ. ಕೂಡಿಟ್ಟ ಶೇಂಗಾ ಕಾಯಿಗೂ ಬೀಳುವುದು ಇದೇ.

ಗಿಡಗಳೆಲ್ಲ ಒಂದೇ ವರ್ಷ ಮಲಗಬೇಕೆಂದಿಲ್ಲ. ಊರಿಗೆ ಹತ್ತು ಹುಣಸೆ ಇದ್ದರೆ ಒಂದರ ಬಿಡುವನ್ನು ಇನ್ನೊಂದು ತುಂಬಬಹುದು. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಎಷ್ಟೋ ಹೊಲಗಳು ಗದ್ದೆಗಳಾದವು. ಭತ್ತಕ್ಕೆ ನೆರಳು ಆಗದು. ಒಂದೇ ಗಿಡ ಉಳಿದ ಬದುವಿನಲ್ಲಿ ಅದರ ಬಾಣಂತನವೇ ಮಂಗಗಳಿಗೆ ಬರ. ಅವು ಶೇಂಗಾ ಹೊಲಕ್ಕೆ ಇಳಿಯುತ್ತವೆ, ಮನೆಯ ಮಾಳಿಗೆ ಹತ್ತುತ್ತವೆ. ಆಗ ಕಲ್ಲು ಬೀಳುವುದು ಮಂಗನ ಮೇಲೆ.

ಮಗ ಈ ಲೆಕ್ಕವನ್ನೆಲ್ಲ ಕೇಳಿದವನಲ್ಲ. ಆದರೂ ಭಟ್ಟಿಯವರಿಗೆ, ‘ಮಳಿ ಆಗ್ಲಿ, ನೋಡೂಣು’ ಎಂದು ಹೇಳಿ ಕಳಿಸಿದ.

ಮಿರಗದ ಮಳೆ ಬಿದ್ದ ಮರುದಿನ ಮುದುಕಿ ಒಳಗಿನ ಗಡಿಗೆ ತಂದು ಅಂಗಳದಲ್ಲಿ ಸುರಿದಳು. ಕಂಬಳಿ ನೇಯುವವರ ಗಂಜಿಗೆ ಬೇಕಾದೀತೆಂದು ಇಟ್ಟಿದ್ದ ಹಿಂದಿನ ಸುಗ್ಗಿಯ ಬೀಜ. ತೂತು ಬಿದ್ದವನ್ನು ಒಂದು ಕಡೆ ದೂಡಿ, ಗಟ್ಟಿಯವನ್ನು ಸೆರಗಿಗೆ ಕಟ್ಟಿಕೊಂಡು ಬದುವಿನತ್ತ ಹೊರಟಳು. ಹಳೆಯ ಗಿಡದ ತುದಿಯಲ್ಲಿ ಕೆಂಪು ಗೆರೆಯ ಹಳದಿ ಹೂ ಅಲ್ಲಲ್ಲಿ ಕಾಣುತ್ತಿತ್ತು. ಈ ಸಲ ಎಷ್ಟು ನಿಲ್ಲುವುದೋ, ಎಷ್ಟು ಉದುರುವುದೋ.

ಸ್ವಲ್ಪ ಹೊತ್ತಿಗೆ ಮಗ ಹಿಂದೆಯೇ ಬಂದ. ಏನೂ ಮಾತಾಡಲಿಲ್ಲ. ತಲೆಯ ಮೇಲೆ ಜಾಲಿಮುಳ್ಳಿನ ಹೊರೆಯಿತ್ತು. ಸಸಿ ಎದ್ದರೆ ಆಡು ಮೇಯಬಾರದಲ್ಲ!