ಪಾತ್ರವನ್ನರಿಯದ ದಾನ

ದಾನದ ಹಿರಿಮೆಯನ್ನು ಹೇಳದ ಧರ್ಮವಿಲ್ಲ. ಜೈನಾಚಾರ್ಯರು ದಾನವನ್ನು ಕೊಂಡಾಡಿ ಅಷ್ಟಕ್ಕೇ ಸುಮ್ಮನಾಗದೆ ಅದರ ತಾರತಮ್ಯವನ್ನೂ ವಿವೇಚಿಸಿದರು. ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ, ಈ ನಾಲ್ಕರ ಗುಣವನ್ನನುಸರಿಸಿ ದಾನದ ಫಲವೂ ಭಿನ್ನವಾಗುತ್ತದೆಂಬುದು ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಅಭಿಪ್ರಾಯ. ಪಾತ್ರವೆಂಬ ಮಾತು ಮುಖ್ಯವಾಗಿ ತ್ಯಾಗಿಗಳಿಗೆ ಸಲ್ಲುವುದಾದರೂ, ಕರುಣೆಯಿಂದ ಕೊಡುವ ದಾನದಲ್ಲಿಯೂ ಆ ವಿವೇಕ ಬೇಡವೆಂದು ಯಾರೂ ಹೇಳಲಾರರು. ಮೊದಲ ಮೂರನ್ನು ಮನೆಯಲ್ಲಿ ಕುಳಿತೇ ಸಿದ್ಧಪಡಿಸಿಕೊಳ್ಳಬಹುದು. ನಾಲ್ಕನೆಯದನ್ನು ಅರಿಯಲು ಮಾತ್ರ ಹೊಸ್ತಿಲು ದಾಟಿ ಓಣಿಗೆ ಇಳಿಯಬೇಕಾಗುತ್ತದೆ.

ಕಲಬುರಗಿಯಲ್ಲಿ ನೆಲೆಸಿದ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು ಈ ಪಾಠವನ್ನು ಕಲಿತದ್ದು ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ. ಅವರ ಹುಟ್ಟೂರು ಹುಮನಾಬಾದ ರಸ್ತೆಯಲ್ಲಿರುವ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾಗಿ, ಆ ಹಣ್ಣಿಗೆ ಭೌಗೋಳಿಕ ಸೂಚನೆಯ ಮಾನ್ಯತೆಯನ್ನೂ ಪಡೆದ ಊರದು. ಇಂದು ತಾಲ್ಲೂಕು ಕೇಂದ್ರವಾಗಿರುವ ಕಮಲಾಪುರ ಅವರ ಬಾಲ್ಯದಲ್ಲಿ ದೊಡ್ಡ ಹಳ್ಳಿಯಷ್ಟೇ. ಬೆಳಗಿನ ಹೊತ್ತು ಯಾವ ಮನೆಯ ಮಾಡಿನಿಂದ ಹೊಗೆ ಏಳಲಿಲ್ಲವೆಂಬುದನ್ನು ಅವರ ತಾಯಿ ಅಂಗಳದಲ್ಲಿ ನಿಂತೇ ಅರಿಯುತ್ತಿದ್ದರು. ಮಧ್ಯಾಹ್ನದೊಳಗೆ ಆ ಮನೆಗೆ ಜೋಳದ ಹಿಟ್ಟು ಹೋಗುತ್ತಿತ್ತು. ಹೋದದ್ದು ಮೂರನೆಯವರಿಗೆ ತಿಳಿಯುತ್ತಿರಲಿಲ್ಲ. ಅದನ್ನು ದಾನವೆಂದು ಆ ತಾಯಿ ಒಮ್ಮೆಯೂ ಕರೆದಿರಲಿಲ್ಲ.

ನಿವೃತ್ತಿಯ ಬಳಿಕ ಮಾಸ್ತರರು ಮಗನ ಮನೆಗೆ ಬಂದರು. ಮನೆ ಇದ್ದುದು ನೆಹರು ಗಂಜಿಗೆ ಸಮೀಪದ ಒಂದು ಬಡಾವಣೆಯಲ್ಲಿ. 2011ರ ಜನಗಣತಿಯ ಹೊತ್ತಿಗೇ ನಗರದ ಜನಸಂಖ್ಯೆ ಐದು ಲಕ್ಷವನ್ನು ದಾಟಿತ್ತು. ಒಂದೆಡೆ ತೊಗರಿ ಬೇಳೆಯ ಗಿರಣಿಗಳು, ಇನ್ನೊಂದೆಡೆ ಹಮಾಲರ ಮನೆಗಳು, ನಡುವೆ ವರ್ತಕರ ಹೊಸ ಕಟ್ಟಡಗಳು. ಮಾಸ್ತರರು ನಿತ್ಯ ಜಿನಮಂದಿರಕ್ಕೆ ಹೋಗಿ ಬರುತ್ತಿದ್ದರು. ಮಂದಿರದ ಟ್ರಸ್ಟಿನ ಸದಸ್ಯರೂ ಆದರು. ಹತ್ತು ವರ್ಷ ಒಂದೇ ದಾರಿಯಲ್ಲಿ ನಡೆದರೂ ಮೂರನೆಯ ಬಾಗಿಲಿನಾಚೆ ಯಾರಿರುವರೆಂಬುದು ಅವರಿಗೆ ತಿಳಿದಿರಲಿಲ್ಲ. ಕಮಲಾಪುರದಲ್ಲಿ ಇದು ನಾಚಿಕೆಯ ಸಂಗತಿಯಾಗುತ್ತಿತ್ತು, ನಗರದಲ್ಲಿ ಸಭ್ಯತೆಯೆನಿಸಿತು.

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ರೋಗದಿಂದ ದೇಶದ ಮೊದಲ ಸಾವು ವರದಿಯಾದದ್ದು ಕಲಬುರಗಿಯಿಂದಲೇ. ಊರಿಗೆ ಊರೇ ಬಾಗಿಲು ಮುಚ್ಚಿತು. ಟ್ರಸ್ಟಿನವರು ಹಿಂದೆಗೆಯಲಿಲ್ಲ. ಅಕ್ಕಿ, ಬೇಳೆ, ಎಣ್ಣೆ, ಉಪ್ಪುಗಳ ಚೀಲಗಳನ್ನು ಕಟ್ಟಿಸಿ ಓಣಿ ಓಣಿಗೆ ಹಂಚಿದರು. ಪಡೆದವರ ಹೆಸರುಗಳ ಪಟ್ಟಿಯನ್ನು ಬರೆದಿಟ್ಟವರು ಮಾಸ್ತರರೇ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆಂಬುಲೆನ್ಸಿನ ಸದ್ದು ಕೇಳಿ ಅವರು ಹೊರಗೆ ಬಂದರು. ವಾಹನ ಓಣಿಯ ಹೆಸರು ತಿಳಿಯದೆ ಎರಡು ಸಲ ಸುತ್ತಿ ಹೋಯಿತು. ಮೂರನೆಯ ಸಲ ಅವರ ಹಿಂದಿನ ಓಣಿಯಲ್ಲಿ ನಿಂತಿತು. ಒಬ್ಬಳೇ ಇದ್ದ ಒಬ್ಬ ವೃದ್ಧೆಯನ್ನು ಅದರಲ್ಲಿ ಏರಿಸಿದರು. ಎರಡು ದಿನಗಳ ಮೇಲೆ ಆಕೆ ತೀರಿಕೊಂಡಳು. ಕಾರಣ ಕೊರೊನಾ ಅಲ್ಲ, ಸಕ್ಕರೆ ಕಾಯಿಲೆ.

ಪಕ್ಕದ ಮನೆಯ ಹುಡುಗಿ ತಲೆ ತಗ್ಗಿಸಿ ಹೇಳಿದಳು: “ಆಯೀದು ಗುಳಿಗಿ ಮುಗದು ಒಂಬತ್ತು ದಿನ ಆಗಿತ್ತರಿ, ಸರ. ಯಾರಿಗಿ ಹೇಳಬೇಕಂತ ತಿಳೀಲಿಲ್ಲರಿ.”

ಮಾಸ್ತರರು ಮನೆಗೆ ಬಂದು ಪಟ್ಟಿಯನ್ನು ತೆರೆದರು. ಆಕೆಯ ಹೆಸರಿನ ಮುಂದೆ ‘ಸಂದಾಯ’ ಎಂದು ಅವರದೇ ಅಕ್ಷರದಲ್ಲಿತ್ತು. ಆಕೆಯ ಕೋಣೆಯ ಮೂಲೆಯಲ್ಲಿ ಟ್ರಸ್ಟಿನ ಚೀಲ ಕಟ್ಟಿದ ಗಂಟು ಬಿಚ್ಚದೆ ಹಾಗೆಯೇ ಇತ್ತೆಂದು ಆಮೇಲೆ ಅವರಿಗೆ ತಿಳಿಯಿತು. ಆಕೆಯೂ ಕಮಲಾಪುರದ ಕಡೆಯವಳೆಂದು, ಆಕೆಯ ಮಗ ತಮ್ಮ ಶಾಲೆಯಲ್ಲೇ ಓದಿದವನೆಂದು ತಿಳಿದಾಗ ಅವರು ಒಂದು ವಾರ ಮಂದಿರಕ್ಕೂ ಹೋಗಲಿಲ್ಲ. ಆಹಾರದಾನವಾಗಿತ್ತು, ಬೇಕಾಗಿದ್ದುದು ಔಷಧದಾನ. ದ್ರವ್ಯ ಶುದ್ಧವಾಗಿತ್ತು, ದಾತೃವಿನ ಭಾವವೂ ಶುದ್ಧವಾಗಿತ್ತು. ಕೇಳುವವರು ಮಾತ್ರ ಇರಲಿಲ್ಲ.

ಬಾಗಿಲುಗಳು ತೆರೆದ ಮೇಲೆ ಮಾಸ್ತರರು ಒಂದು ನೂರು ಪುಟದ ನೋಟುಪುಸ್ತಕವನ್ನು ಹಿಡಿದು ಓಣಿಗಳಲ್ಲಿ ನಡೆಯತೊಡಗಿದರು. ಇದು ಹೊಸ ಮಾರ್ಗವೇನಲ್ಲ. ಶಿಕಾಗೋ ನಗರದ ಹಲ್ ಹೌಸ್ ಎಂಬ ಸೇವಾಗೃಹದಲ್ಲಿ ಜೇನ್ ಆಡಮ್ಸ್ ಹಾಗೂ ಅವರ ಸಂಗಡಿಗರು ಸುತ್ತಲಿನ ವಲಸೆಗಾರರ ಕೇರಿಯ ಮನೆಮನೆಯ ವಿವರವನ್ನು ಸಂಗ್ರಹಿಸಿ, 1895ರಲ್ಲಿಯೇ ನಕಾಶೆಗಳೊಡನೆ ಪ್ರಕಟಿಸಿದ್ದರು. ನೆರೆಯಲ್ಲಿ ವಾಸಿಸುತ್ತ ಅರಿಯುವುದು ಆ ಸೇವೆಯ ತಳಹದಿಯಾಗಿತ್ತು.

ಮಾಸ್ತರರ ಮೊದಲ ಪುಟಗಳಲ್ಲಿ ಕೊರತೆಗಳೇ ತುಂಬಿದ್ದವು. ಕ್ರಮೇಣ ಇನ್ನೊಂದು ಬಗೆಯ ಟಿಪ್ಪಣಿಗಳು ಕಾಣಿಸಿಕೊಂಡವು. ಅಂಗನವಾಡಿಯ ಕಾರ್ಯಕರ್ತೆಗೆ ಓಣಿಯ ಪ್ರತಿ ಬಸುರಿಯ ಪರಿಚಯವಿತ್ತು. ಆಶಾ ಕಾರ್ಯಕರ್ತೆಗೆ ಯಾರ ಮನೆಯಲ್ಲಿ ಯಾವ ರೋಗಿಯಿರುವರೆಂಬುದು ತಿಳಿದಿತ್ತು. ನ್ಯಾಯಬೆಲೆ ಅಂಗಡಿಯವನಿಗೆ ಯಾರು ಈ ತಿಂಗಳು ಬರಲಿಲ್ಲವೆಂಬುದು ನೆನಪಿರುತ್ತಿತ್ತು. ಒಬ್ಬ ಆಟೋ ಚಾಲಕ ರಾತ್ರಿಯ ಹೊತ್ತು ಹೆರಿಗೆಗೆ ಹೋಗುವವರಿಂದ ಬಾಡಿಗೆ ಪಡೆಯುತ್ತಿರಲಿಲ್ಲ. ಬಡತನವಿದ್ದ ಓಣಿಯಲ್ಲಿ ಇಷ್ಟೊಂದು ಸಂಪತ್ತಿತ್ತು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೆ. ಓಣಿಯ ಕಷ್ಟವೇನೆಂದು ಕೇಳಿದಾಗ ವರ್ತಕರು ಲಾರಿಗಳ ಇಕ್ಕಟ್ಟೆಂದರು, ಹೆಂಗಸರು ನೀರೆಂದರು, ಹಮಾಲರು ಬೆನ್ನುನೋವೆಂದರು, ಮಕ್ಕಳು ಆಡಲು ಬಯಲಿಲ್ಲವೆಂದರು. ಅನೇಕಾಂತವನ್ನು ವರ್ಷಗಟ್ಟಲೆ ಪ್ರವಚನದಲ್ಲಿ ಕೇಳಿದ್ದ ಅವರಿಗೆ ಅದರ ಪ್ರತ್ಯಕ್ಷ ದರ್ಶನವಾದದ್ದು ಅಲ್ಲಿಯೇ.

ನೀರಿನ ವಿಷಯದಲ್ಲಿ ಅವರಿಗೊಂದು ವಿಸ್ಮಯ ಕಾದಿತ್ತು. ನಗರಕ್ಕೆ ನೀರು ಒದಗುವುದು ಭೀಮೆಯಿಂದ ಮತ್ತು ಬೆಣ್ಣೆತೊರೆಯಿಂದ. ಕಮಲಾಪುರಕ್ಕೆ ಹೋಗುವಾಗ ಕುರಿಕೋಟೆಯ ಸೇತುವೆಯ ಮೇಲಿಂದ ತಾವು ಕಾಣುತ್ತಿದ್ದ ನೀರೇ ಈ ನಲ್ಲಿಗಳಿಗೂ ಬರುತ್ತಿತ್ತು. ನೀರಿಗಿದ್ದ ನೆರೆಯ ಪರಿಚಯ ತಮಗಿರಲಿಲ್ಲವಲ್ಲಾ ಎಂದು ಅವರು ಮರುಗಿದರು.

ಮಂದಿರದ ಬಾಗಿಲಲ್ಲಿ ಪ್ರತಿ ಬೇಸಿಗೆ ಟ್ರಸ್ಟಿನ ಅರವಟಿಗೆ ಇರುತ್ತಿತ್ತು; ಸೋಸಿದ ತಂಪು ನೀರು, ತೊಳೆದ ಲೋಟಗಳು. ಆದರೂ ಸಂಜೆಗೆ ಅರ್ಧ ನೀರು ಉಳಿಯುತ್ತಿತ್ತು. ಕಾರಣವನ್ನು ಒಬ್ಬ ಹಮಾಲ ಹೇಳಿದ: “ನಿಮ್ಮ ಗುಡಿ ನೀರು ಭಾಳ ತಂಪ ಅದರಿ, ಮಾಸ್ತರ. ಖರೇ, ಚೀಲ ಇಳಿಸಿ ಅಲ್ಲೀ ತನಕ ಬಂದ್ರ ಪಾಳಿ ತಪ್ಪತದರಿ.” ಆ ವರ್ಷ ಎರಡು ಮಣ್ಣಿನ ಹರವಿಗಳು ಗಿರಣಿಯ ಬಾಗಿಲಿಗೆ ಹೋದವು. ನಡುಹಗಲಿಗೇ ಬರಿದಾದವು.

ಇನ್ನೊಂದು ಮನೆಯಲ್ಲಿ ವಲಸೆ ಬಂದ ಕುಟುಂಬದ ಹುಡುಗಿಯೊಬ್ಬಳು ಶಾಲೆ ಬಿಟ್ಟಿದ್ದಳು. ವರ್ಗಾವಣೆ ಪತ್ರವಿಲ್ಲವೆಂದು ಒಂದು ಶಾಲೆ ಅವಳನ್ನು ಹಿಂದಕ್ಕೆ ಕಳುಹಿಸಿತ್ತು. ಆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಮಾಸ್ತರರು ಹುಡುಗಿಯ ತಂದೆಯೊಡನೆ ಹೋಗಿ ಅರ್ಧ ಗಂಟೆ ಮಾತನಾಡಿದರು; ಹುಡುಗಿ ಆರನೆಯ ತರಗತಿಗೆ ಸೇರಿದಳು. ಒಂದು ರೂಪಾಯಿ ಖರ್ಚಾಗದ ಶಾಸ್ತ್ರದಾನವದು.

ಟ್ರಸ್ಟಿನ ಸಭೆಯಲ್ಲಿ ಭಿನ್ನಾಭಿಪ್ರಾಯ ಬಂತು. ದಾನಿಗಳ ಹೆಸರುಳ್ಳ ಸ್ವಾಗತ ಕಮಾನಿಗೆ ಹಣ ಕೂಡಿತ್ತು. ಅದರಲ್ಲೊಂದು ಪಾಲನ್ನು ಗುಳಿಗೆಗಳಿಗಾಗಿ ತೆಗೆದಿಡಬೇಕೆಂದು ಮಾಸ್ತರರು ಕೇಳಿದರು. ಕೊಟ್ಟವರ ಉದ್ದೇಶವನ್ನು ಬದಲಿಸುವುದು ಅಸ್ತೇಯಕ್ಕೆ ವಿರುದ್ಧವೆಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದುದೆಂದು ಮಾಸ್ತರರು ಒಪ್ಪಿ, ತಾವೇ ಒಬ್ಬೊಬ್ಬ ದಾನಿಯ ಮನೆಗೆ ಹೋಗಿ ಸಮ್ಮತಿ ಕೇಳಿದರು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ನೆರವು ಪಡೆದವರ ಭಾವಚಿತ್ರಗಳನ್ನು ಅಚ್ಚು ಹಾಕಿಸಬೇಕೆಂಬ ಸಲಹೆಯೂ ಬಂತು. ಅದಕ್ಕೆ ಅವರು ನೋಟುಪುಸ್ತಕವನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡು, “ಇದರೊಳಗಿನ ಹೆಸರು ಹೊರಗ ಬಂದ್ರ, ಅದೂ ಹಿಂಸೆನೇ ಆಗ್ತದರಿ,” ಎಂದರು. ಆ ಮಾತಿಗೆ ಯಾರೂ ಎದುರಾಡಲಿಲ್ಲ.

ಕಮಾನು ಕಟ್ಟಿದ್ದಾಯಿತು, ಮೊದಲು ಯೋಚಿಸಿದ್ದಕ್ಕಿಂತ ಸ್ವಲ್ಪ ಚಿಕ್ಕದಾಗಿ. ಮೇಲೆ ದಾನಿಗಳ ಹೆಸರುಗಳಿವೆ. ಕೆಳಗೆ ಕಂಬದ ಮೇಲೆ ಓಣಿಗಳ ಸಂಖ್ಯೆಗಳೂ ಬಾಣದ ಗುರುತುಗಳೂ ದೊಡ್ಡ ಅಕ್ಷರಗಳಲ್ಲಿವೆ, ರಾತ್ರಿಯಲ್ಲಿ ಬರುವ ಆಂಬುಲೆನ್ಸಿನ ಚಾಲಕನಿಗೂ ಕಾಣುವಂತೆ. ತಿಂಗಳಿಗೊಮ್ಮೆ ಮಂದಿರದ ಇಬ್ಬರು ಯುವಕರು ಹಿಂದಿನ ಓಣಿಯ ಒಂಟಿ ವೃದ್ಧರ ಬಾಗಿಲು ಬಡಿದು ಗುಳಿಗೆಗಳನ್ನು ಎಣಿಸಿ ಬರುತ್ತಾರೆ. ತೀರಿಹೋದ ಆ ತಾಯಿಗೆ ಇದರಿಂದ ಯಾವ ಪ್ರಯೋಜನವೂ ಇಲ್ಲವೆಂಬುದನ್ನು ಮಾಸ್ತರರು ಬಲ್ಲರು. ಅವರು ಆ ಹಳೆಯ ಪಟ್ಟಿಯನ್ನು ಹರಿದೆಸೆದಿಲ್ಲ. ನೋಟುಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದ್ದಾರೆ.

ಮಂದಿರಕ್ಕೆ ಹೋಗುವ ದಾರಿಯಲ್ಲಿ ಎಷ್ಟು ಬಾಗಿಲುಗಳಿವೆ, ಅವುಗಳ ಹಿಂದೆ ಯಾರಿದ್ದಾರೆ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ಶ್ರಾವಕನೂ ತನಗೆ ತಾನೇ ಕೇಳಿಕೊಳ್ಳಬಹುದು. ಉತ್ತರ ತಿಳಿಯದಿದ್ದಲ್ಲಿ, ನಾಳಿನ ದಾನವನ್ನು ಆ ವಿಚಾರಣೆಯಿಂದಲೇ ಆರಂಭಿಸುವುದು ಉಚಿತ.