ಓಡ್ತಿದೆಯಲ್ಲ, ಬಿಡಿ ಸಾರ್

ಕಾರಿನ ದೂರುಗಳಲ್ಲಿ ಎರಡು ಜಾತಿ. ಬ್ರೇಕು ಕಿರುಗುಟ್ಟಲಿ, ಕ್ಲಚ್ಚು ಜಾರಲಿ, ಎಸಿ ಬಿಸಿಗಾಳಿ ಊದಲಿ, ಅದು ನಮ್ಮ ಕಷ್ಟ; ಅವತ್ತೇ ಗ್ಯಾರೇಜಿಗೆ ಓಡುತ್ತೇವೆ. ಎರಡನೇ ಜಾತಿಯ ದೂರಿನಲ್ಲಿ ನಮಗೆ ಎಳ್ಳಷ್ಟೂ ಕಷ್ಟವಿಲ್ಲ. ಗಾಡಿ ಸೊಗಸಾಗಿ ಓಡುತ್ತದೆ, ಘಾಟಿ ಹತ್ತುತ್ತದೆ, ಮೈಲೇಜಿಗೂ ಮೋಸವಿಲ್ಲ. ಆದರೂ ಸ್ಪೀಡೋಮೀಟರಿನ ಪಕ್ಕ ಎಂಜಿನ್ ಆಕಾರದ ಹಳದಿ ದೀಪವೊಂದು ಹತ್ತಿ ಕೂತಿರುತ್ತದೆ. 'ಏನು ಮೇಸ್ತ್ರಿ ಇದು?' ಎಂದು ಕೇಳಿ ನೋಡಿ. 'ಓಡ್ತಿದೆಯಲ್ಲ, ಬಿಡಿ ಸಾರ್. ಕಣ್ಣಿಗೆ ಹೊಡೆಯುತ್ತೆ ಅಂದ್ರೆ ಮೇಲೊಂದು ಸ್ಟಿಕ್ಕರ್ ಅಂಟಿಸ್ತೀನಿ' ಎನ್ನುತ್ತಾನೆ.

ಈ ಎರಡನೇ ಜಾತಿಯ ಹಿರಿಯಣ್ಣ ಎಂದರೆ ಪೆಟ್ರೋಲ್ ಆವಿಯ ದೂರು. ಪೆಟ್ರೋಲು ಎಂಜಿನ್ನಿನಲ್ಲಿ ಉರಿದು ಮಾತ್ರ ಖರ್ಚಾಗುತ್ತದೆ ಎಂದುಕೊಂಡವರು ಅದರ ಸ್ವಭಾವ ಬಲ್ಲವರಲ್ಲ. ಬಿಸಿಲಿಗೆ ನಿಲ್ಲಿಸಿದ ಕಾರಿನ ಟ್ಯಾಂಕು ಹಗಲೆಲ್ಲ ಉಸಿರು ಬಿಡುತ್ತದೆ, ರಾತ್ರಿ ತಣಿದ ಮೇಲೆ ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಕಾಲದಲ್ಲಿ ಆ ಉಸಿರೆಲ್ಲ ನೇರ ಬೀದಿಗೇ ಹೋಗುತ್ತಿತ್ತು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಮೊದಲು ತಲೆ ಕೆಡಿಸಿಕೊಂಡವನು ಅನಾನಸ್ ಹಣ್ಣಿನ ಪರಿಮಳವನ್ನು ಅಭ್ಯಾಸ ಮಾಡುತ್ತಿದ್ದ ಒಬ್ಬ ರಸಾಯನಶಾಸ್ತ್ರಜ್ಞ. ಹೆಸರು ಆರೀ ಹಾಗನ್-ಸ್ಮಿಟ್, ಹುಟ್ಟಿದ್ದು 1900ರಲ್ಲಿ, ನೆದರ್ಲೆಂಡ್ಸಿನ ಉಟ್ರೆಕ್ಟಿನಲ್ಲಿ. ಕೆಲಸ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ. ಲಾಸ್ ಏಂಜಲೀಸ್ ಕಡೆಯ ಮಬ್ಬು ಕಣ್ಣುರಿಸತೊಡಗಿದಾಗ, ಹಣ್ಣಿನ ವಾಸನೆ ಹಿಡಿಯುವ ಅದೇ ಸಲಕರಣೆಯಲ್ಲಿ ಊರಿನ ಗಾಳಿಯನ್ನು ತಣಿಸಿ ನೋಡಿದ. ಪರಿಮಳದ ಬದಲು ಕಂದು ಬಣ್ಣದ, ಮೂಗು ಮುಚ್ಚಿಸುವ ದ್ರವ ಇಳಿಯಿತು. ವಾಹನಗಳ ಹೊಗೆ, ಪೆಟ್ರೋಲಿನ ಆವಿ ಎಲ್ಲ ಬಿಸಿಲಿನಲ್ಲಿ ಬೆರೆತು ಓಜೋನ್ ಹುಟ್ಟುತ್ತದೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ. ಮುಂದೆ ಕ್ಯಾಲಿಫೋರ್ನಿಯಾ 1970ರ ಮಾದರಿಯ ಕಾರುಗಳಿಗೆ, ಮರುವರ್ಷ ಇಡೀ ಅಮೆರಿಕ, ಟ್ಯಾಂಕಿನ ಆವಿಯನ್ನು ಹಿಡಿದಿಡಲೇಬೇಕೆಂದು ಕಟ್ಟುಮಾಡಿದವು.

ಹಿಡಿದಿಡುವುದು ಯಾವುದರಲ್ಲಿ? ಇದ್ದಿಲಿನಲ್ಲಿ! ಕೋಟಿಗಟ್ಟಲೆ ಬಂಡವಾಳದ ಉದ್ಯಮ ಕೊನೆಗೆ ಮೊರೆಹೋದದ್ದು ಇದ್ದಿಲಿಗೆ. ಸಾಮಾನ್ಯ ಇದ್ದಿಲಲ್ಲ, ಒಡಲೆಲ್ಲ ಕಣ್ಣಿಗೆ ಕಾಣದ ರಂಧ್ರಗಳಿರುವ ಸಕ್ರಿಯ ಇದ್ದಿಲು. ಇದರ ಒಂದೇ ಗ್ರಾಮಿನ ಮೇಲ್ಮೈಯನ್ನು ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಹತ್ತು ಗುಂಟೆ ಆಗುತ್ತದೆ. ಬೆಂಗಳೂರಿನ ಸೈಟು ವ್ಯಾಪಾರದವರ ಕಿವಿಗೆ ಈ ಸುದ್ದಿ ಇನ್ನೂ ಬಿದ್ದಿಲ್ಲ, ಪುಣ್ಯ. ಟ್ಯಾಂಕಿನ ಆವಿ ಬಂದು ಈ ಇದ್ದಿಲಿನ ಕ್ಯಾನಿಸ್ಟರಿನಲ್ಲಿ ಅಂಟಿ ಕೂರುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದು, ಆವಿ ಎಂಜಿನ್ನಿಗೆ ಹೋಗಿ ಉರಿಯುತ್ತದೆ. ಹೊರಗಾಳಿ ಒಳಬರಲು ಇನ್ನೊಂದು ಕಡೆ ವೆಂಟ್ ವಾಲ್ವ್. ಇಷ್ಟೇ ಸಂಸಾರ.

ಈ ಸಂಸಾರ ಸೋರುತ್ತಿದೆಯೇ ಎಂದು ನೋಡುವುದೂ ಕಾರಿನ ಕಂಪ್ಯೂಟರಿನದೇ ಕೆಲಸ. ವೆಂಟ್ ಮುಚ್ಚುತ್ತದೆ, ಪರ್ಜ್ ತೆರೆದು ಎಂಜಿನ್ನಿನಿಂದ ಕೊಂಚ ಗಾಳಿ ಎಳೆಸುತ್ತದೆ, ಆಮೇಲೆ ಅದನ್ನೂ ಮುಚ್ಚಿ, ತಗ್ಗಿದ ಒತ್ತಡ ಹಾಗೇ ನಿಲ್ಲುತ್ತದೋ ಮತ್ತೆ ಏರುತ್ತದೋ ಎಂದು ಕಾಯುತ್ತದೆ. ಅಮೆರಿಕದ ಕಾರುಗಳು ಅರ್ಧ ಮಿಲಿಮೀಟರ್ ಅಗಲದ ತೂತನ್ನೂ ಹಿಡಿಯಬೇಕು. ಪರೀಕ್ಷೆಗೆ ಮಡಿಯೂ ಜಾಸ್ತಿ: ಎಂಜಿನ್ ರಾತ್ರಿಯೆಲ್ಲ ತಣಿದಿರಬೇಕು, ಟ್ಯಾಂಕು ತುಂಬಿಯೂ ಇರಬಾರದು, ಬರಿದೂ ಇರಬಾರದು.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ನನ್ನ ಭಾವಮೈದುನನ ಕಾರಿಗೆ ಈ ದೀಪ ಹತ್ತಿತು. ಕೋಡು ಪಿ0456, ಎಂದರೆ ಅತಿ ಸಣ್ಣ ಸೋರಿಕೆ. 'ಭಾವ, ಗಾಡಿಗೇನೂ ಆಗಿಲ್ಲ. ಆದ್ರೆ ದೀಪ ಉರೀತಿದ್ರೆ ಸ್ಮಾಗ್ ಟೆಸ್ಟ್ ಫೇಲು, ರಿಜಿಸ್ಟ್ರೇಷನ್ ರಿನ್ಯೂ ಆಗಲ್ಲ' ಎಂದು ಗೋಳಾಡಿದ. ಸ್ಕ್ಯಾನರ್ ಹಾಕಿ ಕೋಡನ್ನೇ ಅಳಿಸಿಬಿಟ್ಟರೆ? ಆ ಉಪಾಯ ಸರ್ಕಾರಕ್ಕೂ ಗೊತ್ತು. ಅಳಿಸಿದೊಡನೆ ಕಾರು ತನ್ನ ಪರೀಕ್ಷೆಗಳನ್ನೆಲ್ಲ ಮೊದಲಿಂದ ಬರೆಯಬೇಕು. ಅದು ಮುಗಿಯದೆ ಪಾಸಿಲ್ಲ. 2000ದ ನಂತರದ ಪೆಟ್ರೋಲ್ ಕಾರುಗಳಿಗೆ ಆವಿಯ ಪರೀಕ್ಷೆಯೊಂದು ಬಾಕಿ ಇದ್ದರೆ ಮಾಫಿ. ಅದು ಮುಗಿಯುವುದು ಅಷ್ಟು ನಿಧಾನ ಎಂದು ಅವರೂ ಒಪ್ಪಿಕೊಂಡಿದ್ದಾರೆ.

ಇಂಥ ರೋಗಕ್ಕೆ ಪತ್ತೆಯ ಕ್ರಮ ಅಗ್ಗದಿಂದ ದುಬಾರಿಗೆ. ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ: ಟಕಟಕ ಎನ್ನುವವರೆಗೆ ತಿರುಗಿಸಿದ್ದೀರಾ, ಅದರ ರಬ್ಬರ್ ರಿಂಗು ಬಿರಿದಿದೆಯಾ? ಎಷ್ಟೋ ದೀಪಗಳು ಇಲ್ಲಿಗೇ ಆರುತ್ತವೆ. ಕೂಡಲೇ ಅಲ್ಲ, ಕೆಲವು ಸವಾರಿ ಕಳೆದ ಮೇಲೆ. ಭಾವಮೈದುನ ಹೊಸ ಮುಚ್ಚಳ ಹಾಕಿದ, ದೀಪ ಮತ್ತೆ ಬಂತು. ಎರಡನೆಯದು ಪರ್ಜ್ ವಾಲ್ವ್. ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಕ್ಯಾನಿಸ್ಟರ್ ಕಡೆಯ ಹೋಸು ಬಿಚ್ಚಿ, ವಾಲ್ವಿನ ಬಾಯಿಗೆ ಹೆಬ್ಬೆರಳಿಡಬೇಕು. ಮುಚ್ಚಿರಬೇಕಾದ ವಾಲ್ವ್ ಬೆರಳನ್ನು ಸೆಳೆದರೆ ಅದೇ ಕಳ್ಳ. ಇಲ್ಲಿ ಸೆಳೆಯಲಿಲ್ಲ. ಉಳಿದದ್ದು ಹೊಗೆ ಯಂತ್ರ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತಾನಲ್ಲ, ಹಾಗೆಯೇ ಇಲ್ಲಿ ವೆಂಟ್ ಮುಚ್ಚಿಸಿ, ಎಣ್ಣೆ ಕಾಯಿಸಿದ ಬಿಳಿ ಹೊಗೆಯನ್ನು ಬಲು ಮೆಲ್ಲಗೆ ಪೈಪುಗಳೊಳಗೆ ತುಂಬುತ್ತಾರೆ. ಮೆಕ್ಯಾನಿಕ್ ಗಾಡಿಯಡಿ ಟಾರ್ಚು ಹಿಡಿದು ಮಲಗಿದ. ಸ್ವಲ್ಪ ಹೊತ್ತಿಗೆ ಕ್ಯಾನಿಸ್ಟರ್ ನೆತ್ತಿಯ ಹೋಸಿನಿಂದ ಊದುಬತ್ತಿಯದಕ್ಕಿಂತ ಸಣ್ಣ ಎಳೆಯೊಂದು ಎದ್ದಿತು. ಅಲ್ಲಿ ಇಲಿಯ ಹಲ್ಲಿನ ಗುರುತು. ಇಲಿಗೆ ಕ್ಯಾಲಿಫೋರ್ನಿಯಾ ಆದರೇನು, ಕೋಲಾರ ಆದರೇನು! ಗೇಣುದ್ದ ಹೋಸು ಬದಲಾಯಿಸಿದ್ದೇ ಚಿಕಿತ್ಸೆ. ಹುಡುಕಿದ್ದಕ್ಕೆ ಕೊಟ್ಟ ಕೂಲಿ ಅದರ ಹಲವು ಪಟ್ಟು. ನ್ಯಾಯವೇ. ವೈದ್ಯರಿಗೆ ಕೊಡುವುದೂ ಮಾತ್ರೆಯ ಬೆಲೆಯಲ್ಲವಲ್ಲ.

ನಮ್ಮಲ್ಲಿ? ನಮ್ಮ ಕಾರುಗಳಲ್ಲೂ ಕ್ಯಾನಿಸ್ಟರ್ ಇದೆ, ಬಿಎಸ್-4 ಬಂದ ಮೇಲೆ ಬೈಕು ಸ್ಕೂಟರಿಗೂ ಇಟ್ಟಿದ್ದಾರೆ. ಆದರೆ ಬಂಕಿನ ಮೂಲೆಯಲ್ಲಿ ನಡೆಯುವ ನಮ್ಮ ಎಮಿಷನ್ ಟೆಸ್ಟು ಸೈಲೆನ್ಸರಿಗೆ ಕೊಳವೆ ತೂರಿಸಿ ಫೋಟೋ ಹೊಡೆಯುವುದರಲ್ಲೇ ಮುಗಿಯುತ್ತದೆ. ಅದಕ್ಕೆ ಗಾಡಿಯ ಬಾಲ ಗೊತ್ತು, ಹೊಟ್ಟೆ ಗೊತ್ತಿಲ್ಲ. ಹಾಗಾಗಿ ನಮ್ಮಲ್ಲಿ ಈ ರೋಗ ಹೊರಬೀಳುವುದು ನಮಗೇ ಬಿಸಿ ತಟ್ಟಿದಾಗ. ಪೆಟ್ರೋಲ್ ಹಾಕಿಸಿದ ತಕ್ಷಣ ಮಾತ್ರ ಕಾರು ಸ್ಟಾರ್ಟ್ ಆಗದೆ ಕೆಮ್ಮಿದರೆ ಪರ್ಜ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು. ಆವಿ ನುಗ್ಗಿ ಎಂಜಿನ್ನಿಗೆ ಉಬ್ಬಸ ಹಿಡಿದಿರುತ್ತದೆ. ಅದಾದರೆ 'ಬಿಡಿ ಸಾರ್' ಇಲ್ಲ, ಅವತ್ತೇ ರಿಪೇರಿ. ಎಂದರೆ ಆ ಹಳದಿ ದೀಪದ ಮೇಲೆ ನಮಗಿರುವ ಸಿಟ್ಟಿಗೆ ಕಾರಣ ಸರಳ: ಅದು ನಮ್ಮ ಪರವಾಗಿ ಉರಿಯುತ್ತಿಲ್ಲ, ಪಕ್ಕದ ಮನೆಯವರ ಪರವಾಗಿ ಉರಿಯುತ್ತಿದೆ. ನಮ್ಮ ದುಡ್ಡಿನ ಕಾರಿನಲ್ಲಿ ಪಕ್ಕದ ಮನೆಯ ವಕೀಲ!

ಆ ವಕೀಲನ ಬಾಯಿ ಮುಚ್ಚಿಸಲು ನಾವು ಬಂಕಿನಲ್ಲಿ ಮಾಡುವ ಸೇವೆ ಬೇರೆ. ಟ್ಯಾಂಕು ತುಂಬಿ ನಾಝಲ್ 'ಕ್ಲಿಕ್' ಎಂದು ತಾನಾಗಿ ನಿಲ್ಲುತ್ತದೆ. ಹುಡುಗ ಮೀಟರು ನೋಡುತ್ತಾನೆ, 2,946 ರೂಪಾಯಿ. 'ರೌಂಡ್ ಮಾಡ್ಲಾ ಸಾರ್?' ನಾವು 'ಮಾಡಪ್ಪ' ಎನ್ನುತ್ತೇವೆ. ಕುತ್ತಿಗೆವರೆಗೆ ತುಂಬಿದ ಪೆಟ್ರೋಲು ಕ್ಯಾನಿಸ್ಟರಿಗೆ ನುಗ್ಗಿ, ಆವಿಗೆಂದು ಹಾಸಿದ್ದ ಗುಂಟೆಗಟ್ಟಲೆ ಇದ್ದಿಲನ್ನು ನೆನೆಸಿ ಕೂರುತ್ತದೆ. ಅದು ಕೆಟ್ಟರೆ ಬದಲಿಸುವ ಖರ್ಚು ಸಾವಿರಗಳಲ್ಲಿ. ಚಿಲ್ಲರೆ ಇಲ್ಲದ ಕಾಲದಲ್ಲಿ ಈ ರೌಂಡಿಗೊಂದು ಅರ್ಥವಿತ್ತು. ಈಗ ಅದೇ ಹುಡುಗ ಕ್ಯೂಆರ್ ಕೋಡು ಹಿಡಿಯುತ್ತಾನೆ, ಪೈಸೆ ಸಮೇತ ಪಾವತಿಯಾಗುತ್ತದೆ. ಆದರೂ ರೌಂಡು.