ಹಾರೆಗೆ ಒಂದು ಕೊಡ ನೀರು

ನಾನು ಏಳನೆಯ ಇಯತ್ತೆ ಪಾಸಾದ ಬೇಸಿಗೆ ಅದು. ಗದಗಿನ ನಮ್ಮ ಓಣಿಯ ರೇಡಿಯೋ ರಿಪೇರಿ ಕಾಕಾ ಹುಡುಗರಿಗಾಗಿ ಹದಿನೈದು ದಿನದ ಶಿಬಿರ ಮಾಡುತ್ತಾರಂತೆ ಎಂಬ ಸುದ್ದಿ ಬಂತು. ಫೀಸು ಐದು ರೂಪಾಯಿ, ಜೊತೆಗೆ ಮನೆಯಲ್ಲಿ ಕೆಟ್ಟು ಬಿದ್ದ ಯಾವುದಾದರೊಂದು ಸಾಮಾನು. ಐದು ರೂಪಾಯಿ ಕೊಡಲು ಅಪ್ಪ ಎರಡು ದಿನ ತಗೊಂಡರು. ಕೆಟ್ಟ ಸಾಮಾನಿಗೇನು ಬರ, ಅವ್ವ ಮೂರು ಕೊಟ್ಟಳು.

ಮೊದಲ ನಾಲ್ಕು ದಿನ ಬೆಂಕಿಪೊಟ್ಟಣದ ಟೆಲಿಫೋನು, ಹರಿದ ಸ್ಪೀಕರಿನ ಕಾಗದದ ಬಟ್ಟಲು, ಅದರ ಹಿಂದಿನ ಅಯಸ್ಕಾಂತ ಇವುಗಳಲ್ಲೇ ಕಳೆದವು. ಒಂದು ಸ್ಪೀಕರಿನ ಎದುರು ಮಾತಾಡಿದರೆ ಅದೇ ಮೈಕು ಆಗುತ್ತದೆ ಎಂದು ತಿಳಿದ ದಿನ ನಾವು ಅದರೊಳಗೆ ಬೈದುಕೊಂಡದ್ದೇ ಬೈದುಕೊಂಡದ್ದು.

ಐದನೆಯ ದಿನ ಕಾಕಾನ ಗೆಳೆಯರೊಬ್ಬರು ತಂಬೂರಿ ತಂದರು. ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಊರಲ್ಲಿ ತಂಬೂರಿ ಯಾರೂ ಕಾಣದ್ದೇನಲ್ಲ. ಆದರೆ ಅವರು ತಂತಿಗೂ ಅದನ್ನು ಹೊತ್ತ ಕುದುರೆಗೂ ನಡುವೆ ಇದ್ದ ದಾರದ ಎಳೆಯನ್ನು ಎಳೆದು ತೆಗೆದು ಮೀಟಿದರು. ಸಪ್ಪೆ ದನಿ. ಎಳೆಯನ್ನು ಮತ್ತೆ ತೂರಿಸಿ ಕೂದಲೆಳೆಯಷ್ಟು ಸರಿಸುತ್ತ ಹೋದರು. ಒಂದು ಜಾಗಕ್ಕೆ ಬಂದಾಗ ದನಿ ಹೂವಿನಂತೆ ಬಿಚ್ಚಿ ಜೇನ್ನೊಣದಂತೆ ಗುಂಯ್‌ಗುಟ್ಟಿತು. ಕುದುರೆಯ ಮೈ ಚಪ್ಪಟೆಯಲ್ಲ, ತುಸು ಬಾಗಿದೆ. ಅಲುಗುವ ತಂತಿ ಅದನ್ನು ಸವರುತ್ತ ಮೇಲಿನ ಸ್ವರಗಳನ್ನೆಲ್ಲ ಎಬ್ಬಿಸುತ್ತದೆ ಎಂದರು. "ಇದಕ್ಕ ಜವಾರಿ ಅಂತಾರ. ಯಾವ ಪುಸ್ತಕ ಓದಿದ್ರೂ ಬರೂದಿಲ್ಲ, ಕಿವೀನ ಹೇಳಬೇಕು" ಎಂದು ಕಾಕಾ ಸೇರಿಸಿದರು. ಪುಸ್ತಕದ ಮೇಲೆ ಅವರಿಗೆ ಮೊದಲಿನಿಂದಲೂ ಸಿಟ್ಟು.

ಆಮೇಲೆ ಶುರುವಾದದ್ದು ಅಸಲಿ ಕೆಲಸ: ಬ್ಯಾಟರಿ ಇಲ್ಲದ, ಕರೆಂಟು ಬೇಡದ ರೇಡಿಯೋ. ಐದು ಸೆಂಟಿಮೀಟರ್ ದಪ್ಪದ ಪ್ಲಾಸ್ಟಿಕ್ ಕೊಳವೆಗೆ ತಾಮ್ರದ ತಂತಿಯ 60 ಸುತ್ತು, ಹಳೆಯ ರೇಡಿಯೋದಿಂದ ಬಿಚ್ಚಿದ ಗ್ಯಾಂಗ್ ಕಂಡೆನ್ಸರ್, ಓಎ79 ಎಂಬ ಗಾಜಿನ ಪುಟ್ಟ ಡಯೋಡು, ಕಾಕಾನ ಎರಡು ಸಾವಿರ ಓಮ್‌ನ ಹೆಡ್‌ಫೋನು. ಇಷ್ಟೇ. ಡಯೋಡು ಇಲ್ಲದ ಕಾಲದಲ್ಲಿ ಸೀಸದ ಅದಿರಿನ ಹರಳಿಗೆ ತಂತಿಯ ಮೊನೆ ತಾಗಿಸಿ ಕೇಳುತ್ತಿದ್ದರಂತೆ. ಆ ಹರಳಿನ ಪೇಟೆಂಟು 1904ರಲ್ಲಿ ಕಲ್ಕತ್ತೆಯ ಜಗದೀಶಚಂದ್ರ ಬೋಸರಿಗೆ ಸಿಕ್ಕಿತ್ತು ಎಂದು ಕಾಕಾ ತಮ್ಮ ಬೀಗರ ಸುದ್ದಿ ಹೇಳುವಂತೆ ಹೇಳಿದರು.

ಎಲ್ಲರೂ ಕೊಳವೆ ತಗೊಂಡರು. ನಾನು ಮಾತ್ರ ಅವ್ವನ ಪೌಡರ್ ಡಬ್ಬಿ ತಂದಿದ್ದೆ. ತಗಡಿನದು, ಮೇಲೆ ಗುಲಾಬಿ ಹೂವಿನ ಚಿತ್ರ. ಹೂವು ಕಾಣುವಂತೆ ನಡುವೆ ಜಾಗ ಬಿಟ್ಟು 60 ಸುತ್ತು ಸುತ್ತಿದೆ. ಕಾಕಾ ನೋಡಿ, "ಸುತ್ತು ತಮ್ಮಾ, ಛಲೋ ಕಾಣತೈತಿ" ಎಂದು ಮುಂದೆ ಹೋದರು. ಮುಗಿಸಿದ ಮೇಲೆ, "ಈಗ ಬಿಚ್ಚು" ಎಂದರು. ಒಳಗಿನ ತಗಡು ಸುರುಳಿಯ ಶಕ್ತಿಯನ್ನೆಲ್ಲ ತಾನೇ ನುಂಗಿಬಿಡುತ್ತದೆ. ಇದನ್ನು ಮೊದಲೇ ಹೇಳಬಹುದಿತ್ತಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಹನ್ನೆರಡನೆಯ ದಿನ ಸಂಜೆ ಎಲ್ಲ ಸಜ್ಜಾಯಿತು. ಮಾಳಿಗೆಯ ಮೂಲೆಯಿಂದ ಬೇವಿನ ಮರಕ್ಕೆ ಇಪ್ಪತ್ತು ಮೀಟರ್ ಏರಿಯಲ್ ತಂತಿ ಕಟ್ಟಿದೆವು. ಅಂಗಳದಾಚೆಯ ನೆಲದಲ್ಲಿ ಹಾರೆ ಹುಗಿದು ಅದಕ್ಕೆ ಅರ್ಥಿಂಗ್ ತಂತಿ ಸುತ್ತಿದೆವು. ಧಾರವಾಡ ಆಕಾಶವಾಣಿ ಅಲ್ಲಿಂದ 70-80 ಕಿಲೋಮೀಟರ್. ಮೀಡಿಯಂ ವೇವ್, 765 ಕಿಲೋಹರ್ಟ್ಸ್. ನನ್ನ ಸೆಟ್ಟೇ ಮೊದಲು, ಯಾಕೆಂದರೆ ಡಬ್ಬಿಯ ಅವಮಾನ ನನ್ನದಾಗಿತ್ತು. ಹೆಡ್‌ಫೋನ್ ಕಿವಿಗಿಟ್ಟು ಕಂಡೆನ್ಸರ್ ತಿರುಗಿಸಿದೆ. ಏನೂ ಇಲ್ಲ. ತಂತಿಯ ತುದಿಯ ವಾರ್ನಿಷ್ ಬ್ಲೇಡಿನಿಂದ ಮತ್ತೊಮ್ಮೆ ಕೆರೆದೆ. ಡಯೋಡು ಬದಲಿಸಿದೆ.

"ಕಾಕಾ, ಏನೂ ಕೇಳಸವಲ್ದರಿ."

ಆಗಲೇ ಕರೆಂಟು ಹೋಯಿತು. ಎದುರು ಮನೆಯ ವಾಲ್ವ್ ರೇಡಿಯೋ ಬಾಯಿ ಮುಚ್ಚಿತು. ಕಾಕಾ ಕಂದೀಲು ಹಿಡಿದು ಹಾರೆಯ ಹತ್ತಿರ ಬಗ್ಗಿದರು. ಗದಗಿನ ಎರೆ ಭೂಮಿ ನೋಡಿದವರಿಗೆ ಗೊತ್ತು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಹಾರೆ ನಿಂತದ್ದು ಮಣ್ಣಿನಲ್ಲಲ್ಲ, ಬಿರುಕಿನ ಗಾಳಿಯಲ್ಲಿ. ಏರಿಯಲ್ ತಂತಿ ಹಿಡಿದ ಅಷ್ಟಿಷ್ಟು ವಿದ್ಯುತ್ತಿಗೆ ನೆಲ ಮುಟ್ಟಲು ದಾರಿಯೇ ಇರಲಿಲ್ಲ.

"ನೆಲಕ್ಕ ನೀರಡಿಕಿ ಆಗೇತಿ. ಒಂದ್ ಕೊಡ ನೀರ್ ತಾ, ಒಂದ್ ಮುಷ್ಟಿ ಉಪ್ಪು ತಾ."

ಬೇಸಿಗೆಯ ಗದಗಿನಲ್ಲಿ ಒಂದು ಕೊಡ ನೀರನ್ನು ನೆಲಕ್ಕೆ ಸುರಿಯುವುದೆಂದರೆ ಸಣ್ಣ ಮಾತಲ್ಲ. ಕಾಕು ಬಾಗಿಲಲ್ಲಿ ನಿಂತು ಗೊಣಗುತ್ತಲೇ ಕೊಟ್ಟರು. ನೀರು ಗಟಗಟನೆ ಇಳಿಯಿತು. ನಾನು ಕಂಡೆನ್ಸರನ್ನು ಒಂದೆಳೆ ಸರಿಸಿದೆ, ತಂಬೂರಿಯವರು ದಾರ ಸರಿಸಿದಂತೆ. ದೂರದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು. ಆಮೇಲೆ ಸ್ಪಷ್ಟ ಕನ್ನಡದಲ್ಲಿ ಒಂದು ಗಂಡು ದನಿ, ಹಗೇವಿನ ಜೋಳಕ್ಕೆ ನುಸಿ ಬೀಳದಂತೆ ಏನು ಮಾಡಬೇಕೆಂದು ಹೇಳುತ್ತಿತ್ತು. ಊರಿಗೆ ಊರೇ ಕತ್ತಲಲ್ಲಿದ್ದರೂ ಆ ದನಿಗೆ ಕರೆಂಟಿನ ಹಂಗಿರಲಿಲ್ಲ. ಅಷ್ಟು ದೂರದಿಂದ ಅಲೆ ಹೊತ್ತು ತಂದ ಶಕ್ತಿಯೇ ಹೆಡ್‌ಫೋನಿನ ತಗಡನ್ನು ಅಲುಗಿಸುತ್ತಿತ್ತು. ನಾನು ಉಸಿರಾಡಿದರೆ ಎಲ್ಲಿ ಹೋಗಿಬಿಡುತ್ತದೋ ಎಂದು ಉಸಿರು ಹಿಡಿದು ಕುಳಿತಿದ್ದೆ. ನುಸಿಯ ವಿಷಯ ಅಷ್ಟು ಭಕ್ತಿಯಿಂದ ಕೇಳಿದವರು ಆ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಶಿಬಿರ ಮುಗಿದ ಮೇಲೆ ಕಾಕಾ ಹೆಡ್‌ಫೋನನ್ನು ಒಂದು ದಿನದ ಮಟ್ಟಿಗೆ ಕೊಟ್ಟರು. ಮನೆಯಲ್ಲಿ ಬಚ್ಚಲ ನೀರು ಹರಿಯುವ ಜಾಗ ನೋಡಿ ಹಾರೆ ಹುಗಿದೆ. ಕೊಡ ನೀರಿನ ಖರ್ಚು ಬೀಳಲಿಲ್ಲ. ಅವತ್ತೂ ರೈತರ ಕಾರ್ಯಕ್ರಮವೇ. ಅಜ್ಜಿ ಸೆರಗು ಸರಿಸಿ ಒಂದು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದಳು.

"ಬರೇ ಹುಳದ ಮಾತು ಹೇಳ್ತೈತಲೋ. ಹಾಡು ಹಚ್ಚು."

ನಾನು ಕಂಡೆನ್ಸರನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದೆ. ಆ ಸೆಟ್ಟಿಗೆ ಧಾರವಾಡ ಬಿಟ್ಟರೆ ಬೇರೆ ಊರೇ ಗೊತ್ತಿರಲಿಲ್ಲ.